ಎಂಜೈಮ್ ಮಾತ್ರೆ: ಯಾವುದು, ಯಾವಾಗ, ಹೇಗೆ?

ಮದುವೆಮನೆಯಲ್ಲಿ ಗಡದ್ದಾಗಿ ಉಂಡು, ಹೊಟ್ಟೆ ಉಬ್ಬರಿಸಿದ ಮೇಲೆ ಮೆಡಿಕಲ್ ಶಾಪಿಗೆ ಹೋಗಿ ‘ಜೀರ್ಣಕ್ಕೆ ಏನಾದ್ರೂ ಕೊಡಿ’ ಅಂತ ಕೇಳುವವರು ತುಂಬಾ ಜನ. ಕೈಗೆ ಬರುವುದು ಎಂಜೈಮ್ ಮಾತ್ರೆಯೋ ಸಿರಪ್ಪೋ ಆಗಿರುತ್ತದೆ. ಆದರೆ ಎಂಜೈಮ್ ಅಂದರೆ ಆಹಾರವನ್ನು ಒಡೆದು ಜೀರ್ಣ ಮಾಡುವ ಪ್ರೋಟೀನು, ಅದು ಕೆಲಸ ಮಾಡುವುದು ಆಹಾರದ ಮೇಲೆ. ಉಬ್ಬಿದ ಹೊಟ್ಟೆಯನ್ನು ಇಳಿಸುವ ಶಕ್ತಿ ಅದಕ್ಕಿಲ್ಲ.

ಮೊದಲ ಹೆಜ್ಜೆ: ಮಲದಲ್ಲಿ ರಕ್ತ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ಕಾಮಾಲೆ, ಬಿಡದ ವಾಂತಿ ಇದ್ದರೆ ಮಾತ್ರೆ ಹುಡುಕಬೇಡಿ, ಡಾಕ್ಟರನ್ನು ನೋಡಿ. ಎದೆ ಹಿಂಡಿದಂತಾಗಿ ಬೆವರು ಬಂದರೆ ‘ಗ್ಯಾಸ್ ಇರಬೇಕು’ ಅಂತ ಸುಮ್ನೆ ಕೂರಬೇಡಿ. ಅದು ಹೃದಯಾಘಾತ ಇರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ.

ಎರಡನೆಯದು: ಯಾವ ಊಟಕ್ಕೆ ತೊಂದರೆ ಆಗುತ್ತದೆ ಅಂತ ಎರಡು ವಾರ ಬರೆದಿಡಿ. ಹಾಲು ಕುಡಿದು ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಹೊಟ್ಟೆ ಗುಡುಗುಟ್ಟಿ ಭೇದಿಯಾದರೆ ಹಾಲಿನಲ್ಲಿರುವ ಸಕ್ಕರೆಯಾದ ಲ್ಯಾಕ್ಟೋಸ್ ಮೇಲೆ ಅನುಮಾನ ಪಡಬಹುದು. ಅವರೆಕಾಳು, ಕಡಲೆ, ರಾಜ್ಮಾ ತಿಂದು ಹಲವು ಗಂಟೆಗಳ ನಂತರ ಗ್ಯಾಸ್ ಬಂದರೆ ಕಾಳಿನ ರ‍್ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳ ಕೆಲಸ. ಇವನ್ನು ಒಡೆಯುವ ಎಂಜೈಮ್ ಯಾರ ಸಣ್ಣ ಕರುಳಿನಲ್ಲೂ ಇಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ತಿಂದು ಗ್ಯಾಸ್ ಮಾಡುತ್ತವೆ. ಅಂದಹಾಗೆ, ಸಂಜೆ ಕಾಫಿಯ ಹಾಲನ್ನು ದೂರಬೇಡಿ. 200 ಮಿಲಿ ಹಾಲಿನಲ್ಲಿ ಸುಮಾರು 10 ಗ್ರಾಂ ಲ್ಯಾಕ್ಟೋಸ್ ಇರುತ್ತದೆ, ಕಾಫಿಗೆ ಹಾಕುವ ಹಾಲಿನಲ್ಲಿ ಅದಕ್ಕಿಂತ ಬಹಳ ಕಡಿಮೆ. ಲ್ಯಾಕ್ಟೋಸ್ ಆಗದ ಹೆಚ್ಚಿನವರಿಗೂ ಅಷ್ಟು ತಡೆಯುತ್ತದೆ.

ಮೂರನೆಯದು: ಲೇಬಲ್ ಓದಿ. ಹಾಲಿಗೆ ಲ್ಯಾಕ್ಟೇಸ್, ಕಾಳಿಗೆ ಆಲ್ಫಾ ಗ್ಯಾಲಕ್ಟೊಸಿಡೇಸ್ ಅಂತ ಬರೆದಿರಬೇಕು. ನಮ್ಮ ಅಂಗಡಿಗಳಲ್ಲಿ ಸಿಗುವ ಎಷ್ಟೋ ಸಿರಪ್‌ಗಳಲ್ಲಿ ಇರುವುದು ಪಿಷ್ಟ ಒಡೆಯುವ ಫಂಗಲ್ ಡಯಾಸ್ಟೇಸ್ ಮತ್ತು ಪ್ರೋಟೀನು ಒಡೆಯುವ ಪೆಪ್ಸಿನ್. ‘ಫಂಗಲ್ ಡಯಾಸ್ಟೇಸ್ 1:1200, 50 ಮಿಲಿಗ್ರಾಂ’ ಅಂದರೆ 60 ಗ್ರಾಂ ಬೆಂದ ಪಿಷ್ಟವನ್ನು ಕರಗಿಸುತ್ತದೆ ಅಂತ ಅರ್ಥ. ಅನ್ನ, ಮುದ್ದೆಯ ಪಿಷ್ಟವನ್ನು ಆರೋಗ್ಯವಾಗಿರುವ ಮೇದೋಜೀರಕ ಗ್ರಂಥಿ ತಾನೇ ಕರಗಿಸುತ್ತದೆ ಅಲ್ವಾ? ಅವರೆಕಾಳಿನ ಗ್ಯಾಸಿಗೆ ಆ ಸಿರಪ್ಪಿನಿಂದ ಉಪಯೋಗವಿಲ್ಲ. ಹದಿನೈದು ಎಂಜೈಮುಗಳ ಹೆಸರು ಬರೆದು, ಯಾವುದು ಎಷ್ಟು ಅಂತ ಹೇಳದ ದುಬಾರಿ ಡಬ್ಬಿಗಳನ್ನು ನಾನಂತೂ ಕೊಳ್ಳಬೇಡಿ ಅಂತಲೇ ಹೇಳುತ್ತೇನೆ. ಮಿಲಿಗ್ರಾಂ ನೋಡಿ ಮೋಸ ಹೋಗಬೇಡಿ. ಎಂಜೈಮಿನ ಬಲವನ್ನು ಅಳೆಯುವುದು ಯೂನಿಟ್‌ನಲ್ಲಿ: ಲ್ಯಾಕ್ಟೇಸ್‌ಗೆ ಎಫ್‌ಸಿಸಿ, ಆಲ್ಫಾ ಗ್ಯಾಲಕ್ಟೊಸಿಡೇಸ್‌ಗೆ ಗ್ಯಾಲ್‌ಯು. ಪೆಪ್ಸಿನ್, ಪ್ಯಾಂಕ್ರಿಯಾಟಿನ್ (ಮೇದೋಜೀರಕ ಗ್ರಂಥಿಯ ಎಂಜೈಮುಗಳ ಮಿಶ್ರಣ) ಸಾಮಾನ್ಯವಾಗಿ ಹಂದಿಯಿಂದ ಬರುತ್ತವೆ, ಸಸ್ಯಾಹಾರಿಗಳು ವಿಚಾರಿಸಿಕೊಳ್ಳಿ.

ನಾಲ್ಕನೆಯದು, ಎಲ್ಲರೂ ಎಡವುವ ಜಾಗ: ಹೊತ್ತು. ಮಾತ್ರೆಯೂ ತುತ್ತೂ ಹೊಟ್ಟೆಗೆ ಒಟ್ಟಿಗೆ ಇಳಿಯಬೇಕು. ಒಂದು ಗಂಟೆ ಮೊದಲು ನುಂಗಿದರೆ ಆಹಾರ ಬರುವ ಮುಂಚೆಯೇ ಅದು ಹೊಟ್ಟೆಯಿಂದ ಮುಂದೆ ಹೋಗಿರಬಹುದು, ಆಮ್ಲಕ್ಕೆ ಸಿಕ್ಕಿ ಹಾಳಾಗಿಯೂ ಇರಬಹುದು. ಊಟ ಮುಗಿಸಿ ಕೈ ತೊಳೆದು ನುಂಗಿದರೆ ಆಹಾರದ ಜೊತೆ ಸರಿಯಾಗಿ ಬೆರೆಯುವುದಿಲ್ಲ. ಆದ್ದರಿಂದ ಎಲೆಗೆ ಬಡಿಸುವಾಗಲೇ ಮಾತ್ರೆ ಪಕ್ಕದಲ್ಲಿರಲಿ. ಕಾಳಿನ ಹುಳಿ ಕಲಸಿ, ಮೊದಲ ತುತ್ತಿನ ಜೊತೆ ನುಂಗಿ. ಪಾಯಸ ಕೊನೆಗೆ ಬರುವುದಾದರೆ ಲ್ಯಾಕ್ಟೇಸ್ ಆಗ, ಪಾಯಸದ ಮೊದಲ ಗುಟುಕಿನ ಜೊತೆ. ಊಟ ಒಂದು ಗಂಟೆ ಎಳೆದರೆ ಲೇಬಲ್ ಅನುಮತಿಸಿದಷ್ಟರೊಳಗೆ ನಡುವೆ ಇನ್ನೊಂದು ತೆಗೆದುಕೊಳ್ಳಬಹುದು. ಕುಡಿಯಲು ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು ಸಾಕು. ಎಂಜೈಮ್ ಪ್ರೋಟೀನು, ಬಿಸಿಗೆ ಕೆಡುತ್ತದೆ. ಲ್ಯಾಕ್ಟೇಸ್ ಪುಡಿ ಮಾಡಿ ಕುದಿಯುವ ಹಾಲಿಗೆ ಹಾಕಿದರೆ ದುಡ್ಡು ದಂಡ. ಮೇದೋಜೀರಕ ಗ್ರಂಥಿಯ ಕಾಯಿಲೆಗೆ ಡಾಕ್ಟರು ಬರೆದುಕೊಟ್ಟ ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲನ್ನು ಮಾತ್ರ ಪುಡಿ ಮಾಡಬೇಡಿ, ಅಗಿಯಬೇಡಿ. ಅದರ ಒಳಗಿನ ಸಣ್ಣ ಗುಳಿಗೆಗಳ ಹೊದಿಕೆಯೇ ಎಂಜೈಮನ್ನು ಹೊಟ್ಟೆಯ ಆಮ್ಲದಿಂದ ಕಾಪಾಡುವುದು.

ಸಕ್ಕರೆ ಕಾಯಿಲೆಗೆ ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ತೆಗೆದುಕೊಳ್ಳುವವರು ಇಲ್ಲಿ ನಿಂತು ಓದಿ. ಆ ಮಾತ್ರೆಗಳು ಪಿಷ್ಟ ಒಡೆಯುವುದನ್ನು ತಡೆಯುತ್ತವೆ, ಗ್ಯಾಸ್ ಬರುವುದೂ ಅದರಿಂದಲೇ. ಅದರ ಜೊತೆ ಡಯಾಸ್ಟೇಸ್ ಸಿರಪ್ ಕುಡಿದರೆ ಒಂದು ಔಷಧಿ ಇನ್ನೊಂದರ ಕೆಲಸಕ್ಕೆ ಅಡ್ಡ ಬರುತ್ತದೆ. ಡಾಕ್ಟರಿಗೆ ಹೇಳಿ, ಅವರು ಬದಲಿಸಿಕೊಡಲಿ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಪಪೇನ್ (ಪಪ್ಪಾಯಿಯ ಎಂಜೈಮ್), ಬ್ರೊಮೆಲೇನ್ (ಅನಾನಸಿನ ಎಂಜೈಮ್) ಇರುವ ಮಾತ್ರೆಗಳಿಂದ ದೂರ ಇರಿ. ಇದ್ದಿಲು, ಅಂದರೆ ಆ್ಯಕ್ಟಿವೇಟೆಡ್ ಚಾರ್ಕೋಲ್ ಸೇರಿಸಿದ ಕಪ್ಪು ಮಾತ್ರೆಗಳೂ ಇವೆ. ಇದ್ದಿಲು ಬೇರೆ ಔಷಧಿಯನ್ನು ಹೀರಿಕೊಳ್ಳುತ್ತದೆ, ಅದಕ್ಕೇ ಜೊತೆಗೆ ಬೇರೆ ಮಾತ್ರೆ ಬೇಡ.

ಐದನೆಯದು: ಒಂದೇ ಎಂಜೈಮ್, ಒಂದೇ ಆಹಾರ, ಮೂರು ನಾಲ್ಕು ಊಟ ನೋಡಿ. ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ, ಡೋಸ್ ಜಾಸ್ತಿ ಮಾಡಬೇಡಿ. ಕಾಳಿಗೆ ನನ್ನ ಆಯ್ಕೆ ಮಾತ್ರೆಗಿಂತ ಮುಂಚೆ ನೀರು: ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ. ಮೊಳಕೆ ಬರಿಸಿದರೆ ಗ್ಯಾಸ್ ಮಾಡುವ ಸಕ್ಕರೆ ಇನ್ನೂ ಇಳಿಯುತ್ತದೆ. ಹಾಲು ಆಗದವರಲ್ಲಿ ಎಷ್ಟೋ ಜನಕ್ಕೆ ಮಜ್ಜಿಗೆ, ಮೊಸರು ಆಗುತ್ತದೆ.

ಡಬ್ಬಿಯನ್ನು ಒಲೆಯ ಮೇಲಿನ ಕಪಾಟಿನಲ್ಲಿ ಇಡಬೇಡಿ. ಬಿಸಿ ಮತ್ತು ಹಬೆಗೆ ಅದರ ಬಲ ಅವಧಿಗೆ ಮುಂಚೆಯೇ ಕುಗ್ಗುತ್ತದೆ.