80 ಮೀಟರ್‌ನಿಂದ 100 ಮೀಟರ್ ಹರ್ಡಲ್ಸ್‌ಗೆ: ಅಂತರ ಕುಗ್ಗಿಸಿದ್ದು ಫಲ ಕೊಟ್ಟಿತು

ಇಂಗ್ಲೆಂಡಿನ ಕ್ಲಬ್‌ಗಳಲ್ಲಿ ಒಳ್ಳೊಳ್ಳೆಯ ಹುಡುಗಿಯರು ಹರ್ಡಲ್ಸ್ ಬಿಡುವುದು 17ರ ಆಸುಪಾಸಿನಲ್ಲಿ. ನಾವು ಕೆಲಸ ಮಾಡಿದ ಕಾಲದ ವಯೋಗುಂಪಿನಲ್ಲಿ 17ರೊಳಗಿನವರಿಗೆ 80 ಮೀಟರ್: ಎತ್ತರ 76.2 ಸೆಂ.ಮೀ., ಮೊದಲ ಹರ್ಡಲ್‌ಗೆ 12 ಮೀಟರ್, ನಡುವೆ 8 ಮೀಟರ್, ಎಂಟು ಹರ್ಡಲ್. ಮುಂದಿನ ಗುಂಪಿಗೆ ಹೋದ ಕೂಡಲೇ 83.8 ಸೆಂ.ಮೀ., 13 ಮೀಟರ್, 8.5 ಮೀಟರ್, ಹತ್ತು ಹರ್ಡಲ್. ನಾಲ್ಕೂ ಒಂದೇ ಚಳಿಗಾಲದಲ್ಲಿ ಬದಲಾಗುತ್ತಿದ್ದವು.

ಚಳಿಗಾಲ ಮುಗಿಯುವ ತನಕ 8.5ರ ಗುರುತನ್ನು ಮುಟ್ಟುವುದೇ ಬೇಡ ಎಂದು ನಾನು ಅಂದಾಗ ಜೊತೆಯ ಕೋಚ್‌ಗಳು ಒಪ್ಪಲಿಲ್ಲ. ಓಡುವುದು 8.5ರಲ್ಲಿ ಅಂದಮೇಲೆ ಕಲಿಯುವುದೂ ಅಲ್ಲೇ ಅನ್ನುವುದು ಅವರ ವಾದ. ನಾನು ಹೀಗೆ ತರಬೇತಿ ಕೊಟ್ಟ ಐದಡಿ ನಾಲ್ಕಿಂಚಿನ ಹುಡುಗಿ, 80 ಮೀಟರ್‌ನಲ್ಲಿ 11.7 ಸೆಕೆಂಡಿನ ಸುಮಾರಿಗೆ ಓಡುತ್ತಿದ್ದವಳು, ಎರಡನೇ ಸೀಸನ್ನಿಗೆ 100 ಮೀಟರ್‌ನಲ್ಲಿ 13.7ಕ್ಕೆ ಬಂದಳು. ಈಗ ಅದೇ ಕೋಚ್‌ಗಳು ನನ್ನ ಅಳತೆಯ ಟೇಪನ್ನು ಕೇಳಿಕೊಂಡು ಒಯ್ಯುತ್ತಾರೆ.

8.5ರಲ್ಲಿ ಕೆಡುವುದು ಎಲ್ಲಿ ಅಂತ ನೋಡಿ. ಟೇಕಾಫ್, ಅಂದರೆ ನೆಲ ಬಿಡುವುದು, ಹರ್ಡಲ್‌ಗೆ 2 ಮೀಟರ್ ಮುಂಚೆ, ಇಳಿಯುವುದು 1.05 ಆಚೆ. ಉಳಿದ 5.45ರಲ್ಲಿ ಮೂರು ಹೆಜ್ಜೆ: ಸುಮಾರು 1.6, 2.0, 1.85. ಮೂರನೆಯದು ಎರಡನೆಯದಕ್ಕಿಂತ 15 ಸೆಂ.ಮೀ.ನಷ್ಟಾದರೂ ಗಿಡ್ಡ ಇರಲೇಬೇಕು. ವೇಗ ಸಾಲದ ಹುಡುಗಿ ಗುರುತು ಮುಟ್ಟಲು ಮೂರನೇ ಹೆಜ್ಜೆಯನ್ನೇ ಎಳೆಯುತ್ತಾಳೆ. ಪಾದ ಸೊಂಟದಿಂದ ಮುಂದೆ ಬಿದ್ದು ಬ್ರೇಕ್ ಆಗುತ್ತದೆ, ಸೊಂಟ ಕುಸಿಯುತ್ತದೆ, ಮುಂದಕ್ಕೆ ಹೋಗಬೇಕಾದವಳು ಮೇಲಕ್ಕೆ ನೆಗೆಯುತ್ತಾಳೆ. ಇಳಿಯುವಾಗ ಮೈ ಹಿಂದೆ ಉಳಿದು ಮೊದಲ ಹೆಜ್ಜೆ 1.4ಕ್ಕೆ ಇಳಿಯುತ್ತದೆ. ಆರನೇ ಹರ್ಡಲ್ ಹೊತ್ತಿಗೆ ನಾಲ್ಕು ಹೆಜ್ಜೆ. ಇದನ್ನು ಚಳಿಗಾಲವಿಡೀ ಮಾಡಿಸಿದರೆ ಮೈಗೆ ಹತ್ತುವುದು ಇದೇ.

ಹಾಗಾಗಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ 76.2 ಎತ್ತರ, 7.8 ಮೀಟರ್ ಅಂತರ, ಐದೇ ಹರ್ಡಲ್, ಸ್ಪೈಕ್ಸ್ (ಮೊಳೆ ಶೂ) ಇಲ್ಲ. ಜನವರಿಯಲ್ಲಿ ಮೊದಲು ಎತ್ತರ 83.8ಕ್ಕೆ, ಬೇರೆ ವಾರದಲ್ಲಿ ಅಂತರ 8ಕ್ಕೆ. ಮಾರ್ಚ್‌ನಲ್ಲಿ 8.2, ಏಪ್ರಿಲ್‌ನಲ್ಲಿ 8.3. ಎತ್ತರ, ಅಂತರ ಎರಡನ್ನೂ ಒಂದೇ ವಾರ ಏರಿಸುವುದಿಲ್ಲ. ಮೊದಲ ಹರ್ಡಲ್ 12.5ರಲ್ಲಿ, ಹೆಜ್ಜೆ ಎಂಟೇ. ರೇಸಿನ ದಿನ ಪಕ್ಕದ ಲೇನಿನ ಸದ್ದಿಗೆ, ಸ್ಪೈಕ್ಸ್‌ನ ಹಿಡಿತಕ್ಕೆ ಮಿಕ್ಕ 20 ಸೆಂ.ಮೀ. ತಾನಾಗಿ ಬರುತ್ತದೆ. ನಡುವೆ 76.2 ಎತ್ತರದ 100 ಮೀಟರ್ ರೇಸ್ ಸಿಕ್ಕರೆ ಬಿಡಬೇಡಿ. ಅಂತರರಾಷ್ಟ್ರೀಯ 18ರೊಳಗಿನವರ ಅಳತೆ ಅದು, ಒಳ್ಳೆಯ ಮೆಟ್ಟಿಲು.

ಎದುರುಗಾಳಿ ಇದ್ದರೆ ಪ್ರತಿ ಅಂತರದಲ್ಲೂ ಇನ್ನೊಂದು ಪಾದದಷ್ಟು ಕಡಿಮೆ ಮಾಡಿ, ಇಲ್ಲವೇ ಟ್ರ್ಯಾಕಿನ ಆಚೆ ಬದಿಯ ನೇರದಲ್ಲಿ ಗಾಳಿ ಬೆನ್ನಿಗೆ ಬರುವಂತೆ ಜೋಡಿಸಿ. ಟ್ರ್ಯಾಕಿನ ಹಳದಿ ಗುರುತುಗಳು 8.5ಕ್ಕೆ ಹಾಕಿದ್ದು, ನಮಗೆ ಬಾರವು. ಸೀಮೆಸುಣ್ಣ ಮಳೆಗೆ ನಿಲ್ಲಲಿಲ್ಲ. ಗಂಟು ಹಾಕಿದ ನೈಲಾನ್ ಹಗ್ಗ ಒದ್ದೆಯಾದಾಗ ಹಿಗ್ಗಿ, ಐದನೇ ಹರ್ಡಲ್ ಹೊತ್ತಿಗೆ ಅಂಗೈಯಗಲ ತಪ್ಪುತ್ತಿತ್ತು. ಕೊನೆಗೆ ನಿಂತಿದ್ದು 50 ಮೀಟರ್ ಫೈಬರ್‌ಗ್ಲಾಸ್ ಟೇಪ್.

ದುಡ್ಡಿನ ವಿಷಯ. ಫೋಮ್ ತಲೆಯ ತರಬೇತಿ ಹರ್ಡಲ್ ಒಂದಕ್ಕೆ 60–70 ಪೌಂಡ್ ಹೇಳಿದರು. ನಾನು 21.5 ಮಿ.ಮೀ. ಓವರ್‌ಫ್ಲೋ ಪೈಪ್ ತಂದು ಮಾಡಿದೆ, ಒಂದಕ್ಕೆ ಎಂಟೊಂಬತ್ತು ಪೌಂಡ್. ಮೊದಲ ಕಂತು ಗಾಳಿಗೆ ಉರುಳಿತು, ಚಳಿಗೆ ಪೈಪ್ ಬಿರುಸಾಗಿ ಮೂಲೆಗಳಲ್ಲಿ ಸೀಳಿತು. ಕಾಲಿನ ಪೈಪಿಗೆ ಮರಳು ತುಂಬಿ ಮುಚ್ಚಳ ಹಾಕಿದೆ, ಮೇಲಿನ ಅಡ್ಡಪಟ್ಟಿಯನ್ನು ಅಂಟಿಸದೆ ಸುಮ್ಮನೆ ಕೂರಿಸಿದೆ. ತಗಲಿದರೆ ಬೀಳುತ್ತದೆ, ಮುರಿಯುವುದಿಲ್ಲ. ಅಡ್ಡಪಟ್ಟಿಗೆ ಸುತ್ತುವ ಫೋಮ್‌ನ ದಪ್ಪವನ್ನು ಎತ್ತರದಿಂದ ಕಳೆದೇ ಕಂಬ ಕತ್ತರಿಸಬೇಕು. ದೊಡ್ಡ ಖರ್ಚು ಬೇರೆ ಇತ್ತು: ಒಳಾಂಗಣ ಟ್ರ್ಯಾಕಿನ ಪ್ರವೇಶ, ಪೆಟ್ರೋಲ್. ವಾರಕ್ಕೊಮ್ಮೆ ಹೋದರೂ ಚಳಿಗಾಲಕ್ಕೆ ಐನೂರು ಪೌಂಡ್ ದಾಟಿತು. ಅದರಲ್ಲಿ ಮಾತ್ರ ಉಳಿತಾಯ ಬೇಡ. ಐದು ಡಿಗ್ರಿ ಚಳಿಯಲ್ಲಿ ಪೂರ್ತಿ ವೇಗಕ್ಕೆ ಬಿಟ್ಟರೆ ತೊಡೆ ಹಿಂಬದಿಯ ಸ್ನಾಯು, ಹ್ಯಾಮ್‌ಸ್ಟ್ರಿಂಗ್, ಹೋಗುತ್ತದೆ.

ಅಳೆಯಲು ಫೋನಿನ 240 ಫ್ರೇಮ್ ಸ್ಲೋ ಮೋಷನ್ ಸಾಕು. ಹರ್ಡಲನ್ನು ಮೊದಲು ದಾಟುವ ಕಾಲು ನೆಲ ಮುಟ್ಟಿದ ಫ್ರೇಮಿನಿಂದ ಮುಂದಿನ ಹರ್ಡಲ್ ದಾಟಿ ಮತ್ತೆ ಮುಟ್ಟುವ ಫ್ರೇಮಿನವರೆಗೆ ಎಣಿಸಿ. 100 ಮೀಟರನ್ನು 14.0 ಸೆಕೆಂಡಿಗೆ ಮುಗಿಸಲು ಮೊದಲ ಟಚ್‌ಡೌನ್ (ಹರ್ಡಲ್ ದಾಟಿ ಇಳಿಯುವುದು) 2.7, ಆಮೇಲೆ ಒಂದೊಂದಕ್ಕೆ 1.12ರ ಸರಾಸರಿ. 13.0 ಬೇಕಾದರೆ 2.6 ಮತ್ತು 1.03. ನಮ್ಮ ಹುಡುಗಿ 1.20ರಿಂದ 1.09ಕ್ಕೆ ಬಂದಳು. ಏಳನೇ ಹರ್ಡಲ್ ನಂತರ 0.03ಕ್ಕಿಂತ ಹೆಚ್ಚು ಏರಿದರೆ ಆ ದಿನದ ಪಾಠ ಮುಗಿಯಿತು.

ಲಯಕ್ಕೆ ‘ಒನ್-ಟೂ-ಥ್ರೀ’ ಬಿಟ್ಟು ತಕಧಿಮಿ ಹೇಳಿಸಿದೆ. ಹರ್ಡಲ್‌ಗಳ ನಡುವೆ ಹೆಜ್ಜೆ ಮೂರಾದರೂ ನೆಲ ಮುಟ್ಟುವುದು ನಾಲ್ಕು ಸಲ. ಇಳಿಯುವ ಪಾದವೇ ‘ತ’, ಟೇಕಾಫ್ ‘ಮಿ’. ಇಳಿದ ಪಾದ ಚುರುಕಾಗಿದ್ದು ಇದರಿಂದಲೇ. 12 ಮೀಟರ್ ಸುಮಾರಿನಲ್ಲಿ ಐದು ಹೆಜ್ಜೆಯ ಪ್ರಯೋಗವೂ ಚೆನ್ನಾಗಿತ್ತು, ನಡುವೆ ನಿಜವಾಗಿ ಓಡಲು ಕಲಿಸುತ್ತದೆ. ಮೊದಲ ಹರ್ಡಲ್‌ಗೆ ಏಳು ಹೆಜ್ಜೆ ಮಾತ್ರ ಪೂರ್ತಿ ಸೋತಿತು. ಅವಳ ಎತ್ತರಕ್ಕೆ ಅದು ಬರೀ ನೆಗೆತ.

ನಡುವೆ ‘400 ಹರ್ಡಲ್ಸ್‌ಗೆ ಹಾಕಿ, ಸ್ಯಾಲಿ ಗನೆಲ್ ಹೋಗಲಿಲ್ಲವೇ’ ಎಂಬ ಸಲಹೆ ಬರುತ್ತಲೇ ಇತ್ತು. ಬ್ರಿಟನ್ನಿನ ಓಟಗಾರ್ತಿ ಗನೆಲ್ 1986ರ ಎಡಿನ್‌ಬರೋ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ ಗೆದ್ದಿದ್ದು 100 ಮೀಟರ್ ಹರ್ಡಲ್ಸ್‌ನಲ್ಲಿ. 1988ರಲ್ಲಿ 12.82 ಓಡಿದರು. 1990ರಲ್ಲಿ ಆಕ್ಲೆಂಡ್‌ನಲ್ಲಿ 400ರ ಚಿನ್ನದ ಜೊತೆಗೇ 100ರ ಬೆಳ್ಳಿಯೂ ಬಂತು. 1992ರ ಒಲಿಂಪಿಕ್ ಚಿನ್ನ, 1993ರ 52.74ರ ವಿಶ್ವದಾಖಲೆ ಎಲ್ಲ ಆ ವೇಗದ ಮೇಲೆ ಕಟ್ಟಿದ್ದು. ಅವರ 12.82ರ ಬ್ರಿಟಿಷ್ ದಾಖಲೆ ಮುರಿಯಲು ಆ್ಯಂಜಿ ಥಾರ್ಪ್ 1996ರ ಅಟ್ಲಾಂಟಾದಲ್ಲಿ 12.80 ಓಡಬೇಕಾಯಿತು. 100 ಬಾರದವಳನ್ನು 400ಕ್ಕೆ ದೂಡುವವರು ಈ ವರ್ಷಗಳನ್ನು ಸಾಲಾಗಿ ಬರೆದು ನೋಡಲಿ.

ರೇಸಿಗೆ ಮುಂಚಿನ ಎರಡು ವಾರ 8.5 ಬರುವುದು ಒಂದೇ ಸಲ, ಅದೂ ಮೂರು ಹರ್ಡಲ್‌ಗೆ. ಆ ಮೂರನ್ನು ಎಷ್ಟೆಷ್ಟು ಎತ್ತರಕ್ಕೆ ಇಡುತ್ತೇನೆ ಅನ್ನುವುದನ್ನು ಈ ಸೀಸನ್ ಮುಗಿಯುವವರೆಗೆ ಹೇಳುವುದಿಲ್ಲ.