ಹುಡುಗರ ಮೆಷಿನ್ ಖಾತೆ

ನಮ್ಮ ಮನೆಯಲ್ಲಿ ಜಮೀನಿಗಾಗಿ ಯಾರೂ ಜಗಳವಾಡಿದವರಲ್ಲ. ಇದ್ದದ್ದು ಒಂದು ಸ್ಕ್ರೂ ಕಾರ್ಖಾನೆ. ಅದು ಮುಚ್ಚಿತು, ಅದರ ಜಗಳ ಮಾತ್ರ ಮುಚ್ಚಲಿಲ್ಲ. ಚಿಕ್ಕಪ್ಪನ ಕಿರಿಮಗಳ ಮದುವೆಯ ಹಿಂದಿನ ರಾತ್ರಿ ಛತ್ರದಲ್ಲಿ ತರಕಾರಿ ಹೆಚ್ಚುವವರ ಪಕ್ಕದಲ್ಲೇ ಕುಳಿತು ಅಪ್ಪನೂ ಚಿಕ್ಕಪ್ಪನೂ ದನಿ ಏರಿಸಿದರು. ಸ್ಕ್ರೂವಿಗೆ ಥ್ರೆಡ್, ಅಂದರೆ ಸುರುಳಿ ಏಣು, ಒತ್ತುವ ಥ್ರೆಡ್ ರೋಲಿಂಗ್ ಮೆಷಿನ್ ತಂದವರು ಯಾರು? ಅಪ್ಪನ ಪ್ರಕಾರ ಅಜ್ಜ. ದೂರದೃಷ್ಟಿ ಅಜ್ಜನದು, ನಾವೆಲ್ಲ ಅದನ್ನು ತಿಂದು ಬೆಳೆದವರು. ಚಿಕ್ಕಪ್ಪನ ಪ್ರಕಾರ ಅಜ್ಜ ಬೇಡವೆಂದು ಊಟ ಬಿಟ್ಟು ಕುಳಿತಿದ್ದರು. ಸಾಲ ಮಾಡಿ ತಂದವರು ಅಣ್ಣ ತಮ್ಮ ಇಬ್ಬರೇ. "ನೀನು ಹೆದರಿ ಅಪ್ಪನ ಹೆಸರು ಹೇಳುತ್ತೀಯಣ್ಣ, ಈಗಲಾದರೂ ನಿಜ ಹೇಳು" ಎಂದರು ಚಿಕ್ಕಪ್ಪ. ಅಪ್ಪ ಎದ್ದು ಹೋಗಿ ಕಾರಿನಲ್ಲಿ ಕುಳಿತರು.

ಕಾರ್ಖಾನೆಯನ್ನು ಕೊನೆಯ ವರ್ಷಗಳಲ್ಲಿ ನಡೆಸಿದವನು ನಾನು. ಮೆಷಿನ್‌ಗಳನ್ನು ಗುಜರಿಗೆ ತೂಗಿ ಕೊಟ್ಟವನೂ ನಾನೇ. ಈಗ ದಾವಣಗೆರೆಯಲ್ಲೇ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು ಲುಧಿಯಾನದ ಸ್ಕ್ರೂ ಮಾರುತ್ತೇನೆ. ಹಾಗಾಗಿ ಮನೆಯ ಚರಿತ್ರೆ ಬರೆಯುವ ಅರ್ಹತೆ ನನಗೆ ಇದೆಯೋ ಇಲ್ಲವೋ, ಆದರೆ ಸ್ಕ್ರೂ ನೋಡಿ ಅದರ ಜಾತಕ ಹೇಳುವುದು ಗೊತ್ತಿದೆ. ಆ ರಾತ್ರಿಯೇ ನಿರ್ಧಾರ ಮಾಡಿದೆ: ಯಾರ ಬಾಯಿಮಾತನ್ನೂ ಮೊದಲು ಕೇಳುವುದಿಲ್ಲ, ಸ್ಕ್ರೂಗಳನ್ನು ಕೇಳುತ್ತೇನೆ.

ಮರಕ್ಕೆ ಹಾಕುವ ಸ್ಕ್ರೂ ಮಾಡುವ ದಾರಿ ಎರಡು. ಹಳೆಯ ದಾರಿಯಲ್ಲಿ ತಂತಿಯ ತುಂಡಿಗೆ ತಲೆ ಕೂರಿಸಿ, ಸೀಳು ಹಾಕಿ, ಆಮೇಲೆ ಉಳಿಯಂಥ ಕಟರ್‌ನಿಂದ ಥ್ರೆಡ್ ಕೊರೆಯುತ್ತಾರೆ. ಕಬ್ಬಿಣ ಸಿಪ್ಪೆಯಾಗಿ ಉದುರುತ್ತದೆ. ಹೊಸ ದಾರಿಯಲ್ಲಿ ಕೊರೆಯುವುದೇ ಇಲ್ಲ. ಎರಡು ಚಪ್ಪಟೆ ಡೈ, ಅಂದರೆ ಉಕ್ಕಿನ ಅಚ್ಚು. ಒಂದು ನಿಂತಿರುತ್ತದೆ, ಇನ್ನೊಂದು ಓಡುತ್ತದೆ. ನಡುವೆ ಸಿಕ್ಕ ತುಂಡು, ಅಂಗೈಗಳ ನಡುವೆ ಶಾವಿಗೆ ಹೊಸೆದಂತೆ ಒಮ್ಮೆ ಉರುಳಿ ಹೊರಬೀಳುವಷ್ಟರಲ್ಲಿ ಥ್ರೆಡ್ ಮೂಡಿರುತ್ತದೆ. ಒತ್ತಿದ ಕಡೆ ತಗ್ಗಾದ ಕಬ್ಬಿಣ ಪಕ್ಕದಲ್ಲಿ ಏಳುತ್ತದೆ. ಆದ್ದರಿಂದ ಥ್ರೆಡ್ಡಿನ ಏರು ತಂತಿಗಿಂತ ದಪ್ಪವಾಗುತ್ತದೆ, ಥ್ರೆಡ್ ಇಲ್ಲದ ಕುತ್ತಿಗೆ ಮಾತ್ರ ತಂತಿಯಷ್ಟೇ ಸಣ್ಣದಾಗಿ ಉಳಿಯುತ್ತದೆ. ಕೊರೆದ ಸ್ಕ್ರೂವಿನಲ್ಲಿ ಕುತ್ತಿಗೆಯೂ ಥ್ರೆಡ್ಡಿನ ಏರೂ ಒಂದೇ ದಪ್ಪ. ಬೆರಳಿನಿಂದ ಸವರಿದರೂ ತಿಳಿಯುತ್ತದೆ, ಭೂತಗನ್ನಡಿ ಬೇಕಿಲ್ಲ.

ನಮ್ಮಲ್ಲಿ ಹೆಚ್ಚು ಓಡುತ್ತಿದ್ದದ್ದು 8 ನಂಬರಿನ ಒಂದೂವರೆ ಇಂಚು. 8 ನಂಬರ್ ಎಂದರೆ 4.2 ಮಿಲಿಮೀಟರ್. ಕೊರೆಯಬೇಕಾದರೆ ಹೆಚ್ಚುಕಡಿಮೆ ಅಷ್ಟೇ ದಪ್ಪದ ತಂತಿ ಬೇಕು, ಅಂದರೆ 8 ಗೇಜ್. ಉರುಳಿಸುವುದಾದರೆ 10 ಗೇಜ್ ತಂತಿ ಸಾಕು. ಅದು ಮೂರೂಕಾಲು ಮಿಲಿಮೀಟರ್. (ಸ್ಕ್ರೂವಿಗೆ ನಂಬರ್ ಏರಿದಂತೆ ದಪ್ಪ ಏರುತ್ತದೆ, ತಂತಿಗೆ ಗೇಜ್ ಏರಿದಂತೆ ದಪ್ಪ ಇಳಿಯುತ್ತದೆ. ಹೊಸದಾಗಿ ಸೇರಿದ ಹುಡುಗರು ಇದರಲ್ಲಿ ಸಿಕ್ಕಿಕೊಂಡು ಬೈಸಿಕೊಳ್ಳುತ್ತಿದ್ದರು, ನಾನೂ ಬೈಸಿಕೊಂಡಿದ್ದೇನೆ.) ಇಷ್ಟು ಗೊತ್ತಿದ್ದರೆ ರೋಲಿಂಗ್ ಮೆಷಿನ್ ಬಂದ ಕಾಲವನ್ನು ಹಿಡಿಯಬಹುದು ಎನ್ನಿಸಿತು.

ಮೊದಲು ಸಿಕ್ಕಿದ್ದು ಡಬ್ಬಿಗಳು. ಅಟ್ಟದ ಮೇಲಿನ ಟ್ರಂಕಿನಲ್ಲಿ ಅಜ್ಜಿ ಎಂದೋ ಗುಂಡಿ, ಪಿನ್ನು, ಅರಿಶಿನದ ಕೊಂಬು ತುಂಬಿಟ್ಟಿದ್ದ ರಟ್ಟಿನ ಡಬ್ಬಿಗಳು. ಒಂದೊಂದು ಡಬ್ಬಿಗೆ ಒಂದು ಗ್ರೋಸು, 144 ಸ್ಕ್ರೂ. ಮುಂಭಾಗಕ್ಕೆ ಒಳಗಿರುವ ಮಾಲಿನ ಒಂದು ಸ್ಕ್ರೂವನ್ನು ದಾರದಿಂದ ಹೊಲಿದಿರುತ್ತಿದ್ದರು, ಓದು ಬಾರದ ಬಡಗಿಗೂ ತಿಳಿಯಲಿ ಎಂದು. ಹೊಲಿಯುತ್ತಿದ್ದವರು ಅಜ್ಜಿ ಮತ್ತು ಓಣಿಯ ನಾಲ್ಕೈದು ಹೆಂಗಸರು. ಎಣಿಸುತ್ತಿದ್ದವರೂ ಅವರೇ. ಎಣಿಸುವುದೆಂದರೆ ದಿನಕ್ಕೆ ಒಮ್ಮೆ ಮಾತ್ರ: 144 ಎಣಿಸಿ ತಕ್ಕಡಿಯ ಒಂದು ತಟ್ಟೆಗೆ ಹಾಕಿದರೆ ಅದೇ ಆ ದಿನದ ತೂಕದ ಕಲ್ಲು. ಒಂದೂವರೆ ಇಂಚಿನ ಗ್ರೋಸು ಅರ್ಧ ಕಿಲೋಗೆ ಸ್ವಲ್ಪ ಕಡಿಮೆ ತೂಗುತ್ತಿತ್ತು. ತಂತಿಯ ದಪ್ಪ ಚೂರು ಹೆಚ್ಚುಕಡಿಮೆಯಾದರೂ ತೂಕ ಬದಲಾಗುತ್ತದೆ, ಹಾಗಾಗಿ ನಿನ್ನೆಯ ಕಲ್ಲು ಇವತ್ತಿಗೆ ನಡೆಯುವುದಿಲ್ಲ. ಅಜ್ಜಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲವಂತೆ. ಒಂದು ಸಂಜೆ ಡಬ್ಬಿ ಹಗುರವೆನ್ನಿಸಿ ಎಣಿಸಿ ನೋಡಿ, ಮರುದಿನದಿಂದ ತಾವೇ ಈ ನಿಯಮ ಮಾಡಿದರು.

ಡಬ್ಬಿಯ ಚೀಟಿಯಲ್ಲಿ ಇಸವಿ ಇರುವುದಿಲ್ಲ, ಆದರೆ ವಿಳಾಸ ಇರುತ್ತದೆ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೂ ಮೊದಲು 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂತು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ನಾವು ಚಿತ್ರದುರ್ಗ ಜಿಲ್ಲೆಯವರು. ಹೀಗೆ ಚೀಟಿಗಳನ್ನು ನೆಲದ ಮೇಲೆ ಹರಡಿ ಮೂರು ಸಾಲು ಮಾಡಿದೆ. 'ಮೈಸೂರು ರಾಜ್ಯ', ಪಿನ್ ಇಲ್ಲದ್ದು ಒಂದು ಸಾಲು. 'ಕರ್ನಾಟಕ', ಪಿನ್ ಇದ್ದದ್ದು ಒಂದು. ಮೂರನೆಯದರಲ್ಲಿ 'ಮೈಸೂರು' ಎಂಬುದರ ಮೇಲೆ ರಬ್ಬರ್ ಮೊಹರಿನಿಂದ 'ಕರ್ನಾಟಕ' ಎಂದು ಒತ್ತಿದ್ದವು. ನಮ್ಮ ಮನೆಯವರ ಜಿಪುಣತನದ ಸಾಲು ಅದು. ಹಳೆಯ ಚೀಟಿ ಮುಗಿಯುವವರೆಗೆ ಹೊಸದು ಅಚ್ಚಾಗುವುದಿಲ್ಲ. ಆದ್ದರಿಂದ ಚೀಟಿಯನ್ನು ಪೂರ್ತಿ ನಂಬಬಾರದೆಂದು ಅಲ್ಲೇ ಪಾಠವಾಯಿತು. ಆದರೂ ಮೊದಲ ಸಾಲಿನ ಎರಡು ಡಬ್ಬಿಗಳ ಮೇಲೆ ಸಣ್ಣ ಕುತ್ತಿಗೆಯ ಸ್ಕ್ರೂ ಹೊಲಿದಿತ್ತು. ಹಾಗಾದರೆ ಮೆಷಿನ್ ಬಂದದ್ದು ಹೆಚ್ಚುಕಡಿಮೆ 1973ಕ್ಕಿಂತ ಮೊದಲು. ಅಜ್ಜ ಆಗ ಗಟ್ಟಿಯಾಗಿದ್ದರು. ಅವರು ಹೋದದ್ದು ನನಗೆ ನಾಲ್ಕು ವರ್ಷವಿದ್ದಾಗ. ಅಪ್ಪನ ಕಡೆಗೆ ಒಂದು ಅಂಕ.

ಇನ್ನು ಜನ. ನಮ್ಮಲ್ಲಿ ಹೆಡ್ಡರ್, ಅಂದರೆ ತಲೆ ಕೂರಿಸುವ ಮೆಷಿನ್, ನಡೆಸುತ್ತಿದ್ದ ಮುದುಕರೊಬ್ಬರು ಹಳೇ ದಾವಣಗೆರೆಯಲ್ಲಿ ಮಗನ ಮನೆಯಲ್ಲಿದ್ದಾರೆ. ನನಗೆ ಅವರು ಹೆಡ್ಡರ್ ಅಜ್ಜ. ಮೊದಲ ಸಲ ಹೋದಾಗ ಬರಿಗೈಯಲ್ಲಿ ಹೋಗಿ, ಮೆಷಿನ್ ಯಾವ ಇಸವಿಯಲ್ಲಿ ಬಂತು ಎಂದು ನೇರವಾಗಿ ಕೇಳಿದೆ. "ಬಹಳ ಹಿಂದೆ" ಎಂದರು. ಆಮೇಲೆ ನನ್ನ ಮಕ್ಕಳ ಓದು, ಅವರ ಮಂಡಿನೋವು. ಎರಡನೇ ಸಲ ಒಂದು ಪೊಟ್ಟಣ ಮಂಡಕ್ಕಿ, ಮೆಣಸಿನಕಾಯಿ ಬೋಂಡಾ, ಜೊತೆಗೆ ತಲೆ ಮಾತ್ರ ಆಗಿ ಥ್ರೆಡ್ ಆಗದ ಹತ್ತು ತುಂಡುಗಳನ್ನು ಒಯ್ದೆ. ತುಂಡು ಕೈಗೆ ಬಿದ್ದದ್ದೇ ತಡ, ಹೆಬ್ಬೆರಳು ತಲೆಯ ಅಂಚನ್ನು ಸವರತೊಡಗಿತು. "ಇದರಲ್ಲಿ ಎರಡನೇ ಪೆಟ್ಟು ಸಡಿಲ" ಎಂದರು. ಹೆಡ್ಡರ್ ಒಂದು ತಲೆಗೆ ಎರಡು ಪೆಟ್ಟು ಹೊಡೆಯುತ್ತದೆ. ಮೊದಲನೆಯದು ತಂತಿಯ ತುದಿಯನ್ನು ಮೊಗ್ಗಿನಂತೆ ಉಬ್ಬಿಸುತ್ತದೆ, ಎರಡನೆಯದು ಅದನ್ನು ತಲೆಯಾಗಿ ಹರಡುತ್ತದೆ. ಹೆಡ್ಡರ್ ಅಜ್ಜ ಗೋಡೆಗೆ ಒರಗಿ ಆ ಸದ್ದನ್ನು ಬಾಯಿಯಲ್ಲೇ ಮಾಡಿದರು, ಮೊದಲನೆಯದು ಚಿಕ್ಕದು, ಎರಡನೆಯದು ದಪ್ಪ. ಸೊಸೆ ಒಳಗಿನಿಂದ ಇಣುಕಿ ನೋಡಿ ನಕ್ಕಳು.

ಅಲ್ಲಿಂದ ಮಾತು ತಾನಾಗಿ ಬಂತು. ಇಸವಿ ಕೇಳದೆ, "ಮೆಷಿನ್ ಇಳಿಸಿದ ದಿನ ಮಳೆಯೋ ಬಿಸಿಲೋ?" ಎಂದೆ. ಕೆಸರು ಎಂದರು. ರೈಲಿನಲ್ಲಿ ಬಂದದ್ದು ಭಾಗ ಭಾಗವಾಗಿ, ಒಂದು ಪೆಟ್ಟಿಗೆ ಹದಿನೈದು ದಿನ ತಡ. ಆಗ ದಾವಣಗೆರೆಗೆ ಇದ್ದದ್ದು ಮೀಟರ್‌ಗೇಜ್. ಉತ್ತರದಿಂದ ಬ್ರಾಡ್‌ಗೇಜಿನಲ್ಲಿ ಬಂದ ಮಾಲನ್ನು ದಾರಿಯಲ್ಲಿ ಇಳಿಸಿ ಮತ್ತೆ ಹೇರಬೇಕಿತ್ತು. ಎತ್ತಿನ ಗಾಡಿಯಲ್ಲಿ ಸ್ಟೇಷನ್ನಿನಿಂದ ತಂದರು. "ನಿಮ್ಮಜ್ಜ ಬಂದು ನೋಡಲಿಲ್ಲಪ್ಪ. ಕಟಿಂಗ್ ಮೆಷಿನ್ನಿನ ಹತ್ತಿರವೇ ನಿಂತಿದ್ದರು. ನಿಮ್ಮ ಚಿಕ್ಕಪ್ಪ ಗಾಡಿಯ ಹಿಂದೆ ನಡೆದುಕೊಂಡು ಬಂದ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ."

ಚಿಕ್ಕಪ್ಪನ ಕಡೆಗೂ ಒಂದು ಅಂಕವಾಯಿತು.

ಅಜ್ಜ ಯಾಕೆ ಬೇಡವೆಂದರು ಎಂಬುದಕ್ಕೆ ಹೆಡ್ಡರ್ ಅಜ್ಜ ಕೊಟ್ಟ ಕಾರಣ ನನಗೆ ಒಪ್ಪಿಗೆಯಾಯಿತು, ಏಕೆಂದರೆ ಅಂಗಡಿಯಲ್ಲಿ ಈಗಲೂ ಅದನ್ನು ಕೇಳುತ್ತೇನೆ. ಕುತ್ತಿಗೆ ಸಣ್ಣಗಿರುವ ಸ್ಕ್ರೂ ನೋಡಿದರೆ ಬಡಗಿಗಳು ಕಬ್ಬಿಣ ಕದ್ದಿದ್ದಾನೆ ಎನ್ನುತ್ತಾರೆ. ಲೆಕ್ಕಕ್ಕೆ ನಿಜವೂ ಹೌದು, ಒಂದು ಗ್ರೋಸಿಗೆ ತಂತಿ ಬಹಳಷ್ಟು ಉಳಿಯುತ್ತದೆ. ಆದರೆ ಕೊರೆದಾಗ ಕಬ್ಬಿಣದ ಎಳೆ ಕತ್ತರಿಸುತ್ತದೆ, ಒತ್ತಿದಾಗ ಬಾಗಿ ಥ್ರೆಡ್ಡಿನ ಜೊತೆಗೇ ಹೋಗುತ್ತದೆ, ಹಾಗಾಗಿ ಥ್ರೆಡ್ ಗಟ್ಟಿ. ಇದನ್ನು ಬಡಗಿಗೆ ಹೇಳಿ ನೋಡಿ. ಅಜ್ಜ ಹತ್ತಿ ಗಿರಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಹರಿಹರದ ಕಿರ್ಲೋಸ್ಕರ್‌ನಲ್ಲಿ ಲೇತ್ ಕಲಿತರು ಎಂದು ಮನೆಯಲ್ಲಿ ಹೇಳುತ್ತಾರೆ, ಅದಕ್ಕೆ ಒಂದು ಚೂರು ಕಾಗದವೂ ನನಗೆ ಸಿಗಲಿಲ್ಲ, ಆದ್ದರಿಂದ ಬರೆದಿಟ್ಟುಕೊಂಡಿಲ್ಲ. ಗಿರಣಿಯ ಮನುಷ್ಯನಿಗೆ ಕೊರೆದದ್ದೇ ಕೆಲಸ, ಒತ್ತಿದ್ದು ಮೋಸ.

ಕೊನೆಗೆ ಕಿರ್ದಿ ಪುಸ್ತಕಗಳು. ಕೆಂಪು ಬಟ್ಟೆಯ ರಟ್ಟು, ಪ್ರತಿ ದೀಪಾವಳಿಗೆ ಒಂದು. ಹಳೆಯವುಗಳಲ್ಲಿ ರೂಪಾಯಿ-ಆಣೆ-ಪೈ, 1957ರ ನಂತರ ನಯಾಪೈಸೆ. ಇವುಗಳನ್ನು ಓದುವವರಿಗೆ ನನ್ನ ಸಲಹೆ ಒಂದೇ: ಪುಟ ತಿರುಗಿಸುವ ಮುಂಚೆ ಫೋಟೊ ತೆಗೆಯಿರಿ, ಬೆಳಗಿನ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ. ನಾನು ಮೊದಲ ದಿನ ಆತುರದಲ್ಲಿ ಬೆರಳಿಗೆ ಉಗುಳು ಹಚ್ಚಿ ತಿರುಗಿಸಿದ ನಾಲ್ಕು ಪುಟಗಳು ಪುಡಿಯಾಗಿ ಮಡಿಲಿಗೆ ಬಿದ್ದವು. ಅವುಗಳಲ್ಲಿ ಏನಿತ್ತೋ.

1970ರ ದೀಪಾವಳಿಗೆ ತೆರೆದ ಪುಸ್ತಕವನ್ನು ಗೆದ್ದಲು ತಿಂದಿದೆ, ನನಗೆ ಬೇಕಾಗಿದ್ದದ್ದು ಅದೇ. ಹಿಂದಿನದರಲ್ಲಿ ಇಡೀ ವರ್ಷ 8 ಗೇಜ್ ತಂತಿಯ ಖರೀದಿ. ಮುಂದಿನದರ ಮೂರನೇ ಪುಟದಲ್ಲೇ 10 ಗೇಜ್. ನಡುವಿನ ಮಳೆಗಾಲವೇ ಹೆಡ್ಡರ್ ಅಜ್ಜನ ಕೆಸರು. ಚಿಕ್ಕಪ್ಪನಿಗೆ ಆಗ ಹತ್ತೊಂಬತ್ತು.

ಆದರೆ 10 ಗೇಜ್ ತಂತಿಯ ಖರ್ಚು ಕಾರ್ಖಾನೆ ಖಾತೆಯಲ್ಲಿ ಇರಲಿಲ್ಲ. ಅಜ್ಜ ಅದಕ್ಕೆ ಬೇರೆ ಖಾತೆ ತೆರೆದು, ತಮ್ಮ ಗುಂಡು ಅಕ್ಷರದಲ್ಲಿ ತಲೆಬರಹ ಬರೆದಿದ್ದರು: 'ಹುಡುಗರ ಮೆಷಿನ್ ಖಾತೆ'. ಅದರ ತಂತಿ, ಅದರ ಎಣ್ಣೆ, ಅದರ ಡೈ, ಅದರ ಸಾಲದ ಬಡ್ಡಿ ಎಲ್ಲವೂ ಅಲ್ಲೇ. ಕಾರ್ಖಾನೆಯ ಮೂಲೆಯಲ್ಲಿ ಬಾಡಿಗೆಗೆ ಕುಳಿತವರ ಲೆಕ್ಕದ ಹಾಗೆ. ಒಂದೇ ಕಡೆ ಗೆರೆ ದಾಟಿದ್ದರು: ಮೂರು ತಿಂಗಳು ಬಡ್ಡಿಯ ಹಣ ಹುಡುಗರ ಖಾತೆಯಲ್ಲಿ ಸಾಲದೆ ಬಂದಾಗ, 'ಮನೆ ಖಾತೆಯಿಂದ' ಎಂದು ಬರೆದು ತುಂಬಿದ್ದರು. ಅದನ್ನು ಮರಳಿ ಜಮಾ ಮಾಡಿಕೊಂಡ ಗುರುತು ಎಲ್ಲಿಯೂ ಇಲ್ಲ. 1974ರ ದೀಪಾವಳಿಯ ಹೊಸ ಪುಸ್ತಕದಲ್ಲಿ ಆ ಖಾತೆಯೇ ಇಲ್ಲ. 8 ಗೇಜೂ 10 ಗೇಜೂ ಕಾರ್ಖಾನೆ ಖಾತೆಯಲ್ಲಿ ಒಂದರ ಕೆಳಗೆ ಒಂದು. ಯಾಕೆ ಸೇರಿಸಿದೆ ಎಂದು ಅಜ್ಜ ಬರೆದಿಲ್ಲ. ಕಿರ್ದಿಯಲ್ಲಿ ಯಾರೂ ಬರೆಯುವುದಿಲ್ಲ.

ಆ ಮೇಲಿನ ಕಥೆಯನ್ನು ಉದ್ದ ಮಾಡುವುದಿಲ್ಲ. ಮರದ ಪಟ್ಟಿಯ ಮೇಲಿನ ವೈರಿಂಗ್ ಹೋಯಿತು, ಮರದ ಕಿಟಕಿ ಹೋಯಿತು, ಸೀಳು ತಲೆಯ ಸ್ಕ್ರೂ ಯಾರಿಗೂ ಬೇಡವಾಯಿತು, ನಮ್ಮ ಮೆಷಿನ್ ನಿಮಿಷಕ್ಕೆ ಮಾಡುವುದನ್ನು ಹೊಸದು ನಾಲ್ಕು ಉಸಿರಿನಲ್ಲಿ ಮಾಡುತ್ತಿತ್ತು.

ಪುಟಗಳ ಪ್ರತಿ ತೆಗೆಸಿ ಒಂದು ಭಾನುವಾರ ಇಬ್ಬರನ್ನೂ ಹಳೆಯ ಮನೆಗೆ ಕರೆದೆ. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ತಲೆಬರಹವನ್ನು ಎರಡು ಸಲ ಓದಿದರು. "ಹುಡುಗರು ಎಂದಿದ್ದಾರೆ" ಎಂದರು. ಅಪ್ಪ 'ಮನೆ ಖಾತೆಯಿಂದ' ಎಂಬ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನೆ ಕುಳಿತರು. ಆ ಮೂರು ತಿಂಗಳ ಬಡ್ಡಿಯನ್ನು ಚಿಕ್ಕಪ್ಪ ಹೇಗೋ ಹೊಂದಿಸಿದನೆಂದು ಅಪ್ಪ ತಿಳಿದಿದ್ದರಂತೆ. ಅಣ್ಣ ಹೊಂದಿಸಿದನೆಂದು ಚಿಕ್ಕಪ್ಪ.

ನನಗೆ ಇನ್ನೊಂದು ಸಾಕ್ಷಿ ಬಾಕಿ ಇತ್ತು. ಇದೇ ಕಿರ್ದಿಗಳನ್ನು ಇಡಲು ಅಜ್ಜ ಸಾಗುವಾನಿಯ ಬೀರು ಮಾಡಿಸಿದ್ದರು, ನನ್ನ ನಾಮಕರಣದ ವರ್ಷ ಎಂದು ಅಮ್ಮ ಹೇಳುತ್ತಾರೆ. ಖಾತೆ ಸೇರಿಸಿದ ಮರುವರ್ಷ. ಆ ಬೀರುವಿಗೆ ಯಾವ ಸ್ಕ್ರೂ ಹಾಕಿಸಿದರು? ಹಳೆಯ ಸ್ಕ್ರೂ ಬಿಚ್ಚುವುದು ಆತುರದ ಕೆಲಸವಲ್ಲ. ಸೀಳಿನಲ್ಲಿ ತುಂಬಿದ ಬಣ್ಣವನ್ನು ದಬ್ಬಳದಿಂದ ಕೆರೆದೆ, ಸಾಲ್ಡರಿಂಗ್ ಕಡ್ಡಿಯನ್ನು ತಲೆಗೆ ಒತ್ತಿ ಕಾಯಿಸಿದೆ, ತಣ್ಣಗಾಗಲು ಬಿಟ್ಟೆ, ಸೀಳಿನ ಅಗಲಕ್ಕೆ ಸರಿಯಾದ ಸ್ಕ್ರೂಡ್ರೈವರ್ ಹಿಡಿದು ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ ಆಮೇಲೆ ಬಿಚ್ಚಿದೆ. ಕದದ ಕೀಲುಗಳಲ್ಲಿದ್ದ ಹನ್ನೆರಡೂ ಸಣ್ಣ ಕುತ್ತಿಗೆಯವು, ಹುಡುಗರ ಮೆಷಿನ್ನಿನವು. ಚಿಕ್ಕಪ್ಪ ಅವುಗಳನ್ನು ಅಂಗೈಯಲ್ಲಿ ಕುಲುಕುತ್ತ ಅಪ್ಪನ ಕಡೆ ನೋಡಿದರು.

ಒಳಗಿನ ಬೀಗದ ನಾಲ್ಕನ್ನೂ ಬಿಚ್ಚಿದೆ. ನಾಲ್ಕೂ ದಪ್ಪ ಕುತ್ತಿಗೆಯವು, ಕೊರೆದವು.

ಇಬ್ಬರೂ ಒಟ್ಟಿಗೆ ನಕ್ಕರು. "ಅಪ್ಪನೇ ಹೌದು" ಎಂದರು ಚಿಕ್ಕಪ್ಪ. ಅಷ್ಟರಲ್ಲಿ ಅಮ್ಮ ಕಾಫಿ ತಂದು, ಕದ ಇಲ್ಲದ ಬೀರುವನ್ನು ನೋಡಿ, ಇದನ್ನು ಕತ್ತಲಾಗುವ ಮೊದಲು ಕೂರಿಸದಿದ್ದರೆ ಮೂವರಿಗೂ ಊಟವಿಲ್ಲ ಎಂದರು. ಕೂರಿಸುವಾಗ ಒಂದು ಸ್ಕ್ರೂ ಕಡಿಮೆ ಬಿತ್ತು. ಯಾರ ಜೇಬಿನಲ್ಲಿದೆಯೆಂದು ನಾನು ಕೇಳಲಿಲ್ಲ. ಅಂಗಡಿಯಿಂದ ತಂದದ್ದೊಂದನ್ನು ಹಾಕಿದ್ದೇನೆ. ಪ್ಲಸ್ ಗುರುತಿನ ತಲೆ, ಹೊಳೆಯುತ್ತದೆ.