ವಿವೇಕ ಕೊಡು ಅಂತ ನಾನು ಕೇಳುವ ರೀತಿ

‘ದೇವರೇ, ಬುದ್ಧಿ ಕೊಡು’ ಅಂತ ಅಷ್ಟಕ್ಕೇ ನಿಲ್ಲಿಸದೆ, ಯಾವ ವಿಷಯಕ್ಕೆ ಬೇಕು ಅನ್ನುವುದನ್ನೂ ಹೇಳಿ ಕೇಳುತ್ತೇನೆ. ಬೈಬಲಿನಲ್ಲಿ ಇಸ್ರಾಯೇಲಿನ ರಾಜ ಸೊಲೊಮೋನ ಗಿಬ್ಯೋನ್ ಅನ್ನುವ ಊರಿನಲ್ಲಿ ಕೇಳಿದ್ದೂ ಹಾಗೆಯೇ ಅಲ್ವಾ? ಏನು ಬೇಕೋ ಕೇಳು ಅಂತ ದೇವರು ಕನಸಿನಲ್ಲಿ ಹೇಳಿದಾಗ ಅವನು ಆಯುಷ್ಯ ಕೇಳಲಿಲ್ಲ, ಐಶ್ವರ್ಯ ಕೇಳಲಿಲ್ಲ. ಇಷ್ಟು ದೊಡ್ಡ ಜನಕ್ಕೆ ನ್ಯಾಯ ತೀರಿಸಬೇಕು, ಒಳ್ಳೆಯದು ಕೆಟ್ಟದ್ದು ತಿಳಿಯುವ ಹೃದಯ ಕೊಡು ಅಂದ. ಎದುರಿಗಿದ್ದ ಕೆಲಸವನ್ನು ಹೇಳಿಯೇ ಕೇಳಿದ.

ಬೆಳಿಗ್ಗೆ ಎದ್ದ ಮೇಲೆ ಮೊದಲು ಬೈಬಲಿನ ಜ್ಞಾನೋಕ್ತಿಗಳು ಪುಸ್ತಕ ಓದುತ್ತೇನೆ. 31 ಅಧ್ಯಾಯಗಳಿವೆ, ತಾರೀಖಿಗೆ ಒಂದರಂತೆ ಸರಿಹೋಗುತ್ತದೆ. ಆಮೇಲೆ ನೋಟ್‌ಬುಕ್ಕಿನಲ್ಲಿ ಅವತ್ತಿನ ಬೇಡಿಕೆಯನ್ನು ಒಂದೇ ಸಾಲಿನಲ್ಲಿ ಬರೆಯುತ್ತೇನೆ. ಅದು ‘ಹೀಗೆ ಮಾಡು’ ಅಂತ ಇರಬಾರದು, ‘ಇದನ್ನು ತಿಳಿಸು’ ಅಂತ ಇರಬೇಕು. ಈ ಒಂದು ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು.

ಅಪ್ಪ ರಾತ್ರಿ ಮಾತ್ರೆ ನುಂಗಲು ಒಪ್ಪುತ್ತಿರಲಿಲ್ಲ. ‘ಅಪ್ಪನ ಹಟ ಬಿಡಿಸು’ ಅಂತ ಬರೆಯುವುದು ಸುಲಭವಿತ್ತು. ‘ಕರ್ತನೇ, ಅಪ್ಪ ಯಾಕೆ ಬೇಡ ಅನ್ನುತ್ತಾರೆ ಅಂತ ನನಗೆ ಅರ್ಥವಾಗಲಿ’ ಅಂತ ಬರೆದೆ. ಅದನ್ನೇ ಹೇಳಿ ಪ್ರಾರ್ಥಿಸಿದೆ, ಆಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಯಾವ ದನಿಯೂ ಕೇಳಿಸಲಿಲ್ಲ. ಆದರೆ ರಾತ್ರಿ ಮಾತ್ರೆ ಕೈಯಲ್ಲಿ ಹಿಡಿದು ನಿಂತಾಗ ಒತ್ತಾಯದ ಮಾತು ಬರಲಿಲ್ಲ. ಪಕ್ಕದಲ್ಲಿ ಕೂತು, ‘ಇದು ತಗೊಂಡ್ರೆ ಏನಾಗುತ್ತೆ ಅಪ್ಪಾ?’ ಅಂದೆ. ‘ಕಣ್ಣು ಎಳೆಯುತ್ತೆ, ಮಲಗೋ ಮುಂಚೆ ಬೈಬಲ್ ಓದೋಕೆ ಆಗಲ್ಲ’ ಅಂದರು. ಡಾಕ್ಟರಿಗೆ ಹೇಳಿದೆವು. ಅವರು ಮಾತ್ರೆಯನ್ನೇ ಬದಲಾಯಿಸಿದರು.

ನನಗೆ ಹೊಳೆದದ್ದೆಲ್ಲ ದೇವರದ್ದೇ ಅಂದುಕೊಳ್ಳುವುದಿಲ್ಲ. ಬೈಬಲಿನಲ್ಲಿರುವ ಯಾಕೋಬನ ಪತ್ರಿಕೆಯ (ಪತ್ರದ) 1ನೇ ಅಧ್ಯಾಯ ಕೇಳುವ ಧೈರ್ಯ ಕೊಡುತ್ತದೆ: ಜ್ಞಾನ ಕಡಿಮೆ ಇದ್ದವರು ಕೇಳಲಿ, ದೇವರು ಹಂಗಿಸದೆ ಕೊಡುತ್ತಾನೆ. ಬಂದದ್ದನ್ನು ಒರೆಗೆ ಹಚ್ಚುವುದಕ್ಕೆ 3ನೇ ಅಧ್ಯಾಯ ನೋಡುತ್ತೇನೆ. ಮೇಲಿನಿಂದ ಬರುವ ಜ್ಞಾನದಲ್ಲಿ ಸಮಾಧಾನ, ಸೌಮ್ಯತೆ, ಕರುಣೆ ಇರುತ್ತವೆ ಅನ್ನುತ್ತದೆ ಅದು. ಹೊಳೆದ ಯೋಚನೆಯಲ್ಲಿ ಯಾರನ್ನಾದರೂ ಸೋಲಿಸುವ ಖುಷಿ ಇದ್ದರೆ, ಆ ಹೊತ್ತಿಗೆ ಅದನ್ನು ಬದಿಗಿಡುತ್ತೇನೆ.

ವಿಷಯ ಜಾಸ್ತಿ ಭಾರವಾದರೆ ಒಬ್ಬಳೇ ಹೊರುವುದಿಲ್ಲ. ಬೈಬಲಿನಲ್ಲಿ, ಬಾಬೆಲಿನ ರಾಜನ ಕನಸಿನ ಗುಟ್ಟು ಬೇಕಾದಾಗ ಪ್ರವಾದಿ ದಾನಿಯೇಲನೂ ಮೂವರು ಗೆಳೆಯರಿಗೆ ಹೇಳಿ, ಪ್ರಾರ್ಥಿಸಿ ಅಂದ. ನಾನೂ ನಂಬಿಕೆಯ ಇಬ್ಬರು ಗೆಳತಿಯರಿಗೆ ನೋಟ್‌ಬುಕ್ಕಿನ ಆ ಒಂದು ಸಾಲನ್ನು ಹಾಗೆಯೇ ಕಳಿಸುತ್ತೇನೆ. ಇಡೀ ಕಥೆ ಹೇಳುವುದಿಲ್ಲ. ಹೇಳಲು ಹೊರಟರೆ ಪ್ರಾರ್ಥನೆ ಹಿಂದೆ ಉಳಿದು ದೂರು ಮುಂದೆ ಬರುತ್ತದೆ.